ಅರವತ್ತು ಮೀಟರ್ ದೂರ

ನಾಲ್ಕನೆಯ ಸಲ ಅದೇ ಜಾಹೀರಾತು ಕಂಡಾಗ ದರ್ಜಿ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. ಅವನು ನೋಡಲು ಹೊರಟದ್ದು ಹವಾಮಾನ. ಫೋನು ಮಾತ್ರ, "ನಿಮ್ಮ ಗಡಿಯಾರ ನಿಂತಿದೆಯೇ? ನುರಿತ ಕೈ ನಿಮ್ಮಿಂದ ಬರೀ ಅರವತ್ತು ಮೀಟರ್ ದೂರದಲ್ಲಿದೆ, ಬನ್ನಿ!" ಎನ್ನುತ್ತಿತ್ತು. ಕೆಳಗೆ ಎದುರು ಸಾಲಿನ ಗಡಿಯಾರದ ಅಂಗಡಿಯ ಚಿತ್ರ. ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತ ಅದರ ಯಜಮಾನ.

ಅವನೊಂದಿಗೆ ದರ್ಜಿ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಅದಕ್ಕೂ ಮೊದಲು ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡವರು. ದರ್ಜಿ ಹೊಲಿದುಕೊಟ್ಟ ಹೊಸ ಕೋಟು ತೊಟ್ಟ ದಿನ, ಗಿರಾಕಿಗಳ ಮುಂದೆಯೇ ಗಡಿಯಾರದವನು, "ಎಡಗಡೆ ತೋಳು ಐದು ನಿಮಿಷ ಹಿಂದೆ ಓಡ್ತಿದೆ ಕಣೋ" ಎಂದುಬಿಟ್ಟ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಇಬ್ಬರೂ ಎಣ್ಣೆ–ಸೀಗೆಕಾಯಿ.

ದರ್ಜಿ ತಲೆಯೆತ್ತಿ ಗೋಡೆ ನೋಡಿದ. ಅಲ್ಲಿನ ಗಡಿಯಾರ ನಿಂತು ತಿಂಗಳಾಗಿತ್ತು. 'ಓಹೋ! ಕಿಟಕಿಯಿಂದ ಕದ್ದು ನೋಡಿ ನನಗೇ ಕಳಿಸ್ತಿದ್ದಾನೆ!' ಕೊರಳಲ್ಲಿ ಅಳತೆ ಟೇಪು ತೂಗಾಡುತ್ತಿದ್ದಂತೆಯೇ ದಡದಡನೆ ರಸ್ತೆ ದಾಟಿದ.

"ಏನಯ್ಯ, ನನ್ನನ್ನ ಆಡಿಕೊಳ್ಳೋಕೆ ಈಗ ಫೋನೂ ಬೇಕಾಯ್ತಾ?"

ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರದಲ್ಲೇ ಅವನನ್ನು ನೋಡಿ ಬೆಪ್ಪಾದ. ಪಕ್ಕದಲ್ಲಿದ್ದ ಮಗಳೇ ಮುಂದೆ ಬಂದಳು.

"ಅಪ್ಪ ಅಲ್ಲ ಮಾವ, ನಾನು ಹಾಕಿಸಿದ್ದು. ನೀವು ಮೊನ್ನೆ ಫೋನಲ್ಲಿ ಏನಾದ್ರೂ ಹುಡುಕಿದ್ರಾ, ಹತ್ತಿರದಲ್ಲಿ ಎಲ್ಲಿ ಸಿಗುತ್ತೆ ಅಂತ?"

"ಗುಂಡಿ ಅಂಗಡಿ ಹುಡುಕಿದ್ದೆ. ಅದಕ್ಕೇನೀಗ?"

"ಆಗ 'ನೀವೆಲ್ಲಿದ್ದೀರಿ ಅಂತ ನೋಡ್ಲಾ?' ಅಂತ ಕೇಳಿರುತ್ತೆ. ನೀವು ಹೂಂ ಅಂದಿರ್ತೀರಿ. ಉಪಗ್ರಹ, ಅಕ್ಕಪಕ್ಕದ ವೈಫೈ, ಎಲ್ಲ ತಾಳೆ ಹಾಕಿ ಜಾಗ ಹಿಡಿಯುತ್ತೆ. ನಾನು ನಮ್ಮ ಅಂಗಡಿ ಸುತ್ತ ಒಂದು ಕಿಲೋಮೀಟರಿಗೆ ವೃತ್ತ ಹಾಕಿದ್ದೀನಿ. ಅದರೊಳಗೆ ಇರೋರಿಗೆಲ್ಲ ಹೋಗುತ್ತೆ."

"ಹಾಗಾದ್ರೆ ಇವನು ಕಳಿಸಿದ್ದಲ್ವಾ?" ದರ್ಜಿಯ ದನಿ ಯಾಕೋ ಇಳಿಯಿತು.

ಗಡಿಯಾರದವನು ಮಸೂರ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಕಳಿಸೋ ಧೈರ್ಯ ಇದ್ದಿದ್ರೆ ಎಂಟು ವರ್ಷ ಯಾಕೆ ಕಾಯ್ತಿದ್ದೆ ಮಾರಾಯ?"

ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಅದೇ ಕೋಟು ದರ್ಜಿಯ ಕಣ್ಣಿಗೆ ಬಿತ್ತು. ಮೊಣಕೈ ಸವೆದಿತ್ತು, ಬಣ್ಣ ಮಾಸಿತ್ತು. ಆದರೂ ಬಿಟ್ಟಿರಲಿಲ್ಲ ಪುಣ್ಯಾತ್ಮ! ಟೇಪು ಎಳೆದು ಎಡತೋಳು ಅಳೆದ. ಬಲತೋಳು ಅಳೆದ. ಮತ್ತೆ ಎಡತೋಳು.

"ಅರ್ಧ ಇಂಚು ಕಮ್ಮಿ ಇದೆ," ಎಂದ ಪೆಚ್ಚಾಗಿ.

ಇಬ್ಬರೂ ಒಟ್ಟಿಗೆ ನಕ್ಕರು. ನಗು ನಿಲ್ಲುವ ಹೊತ್ತಿಗೆ ದರ್ಜಿ ಕೋಟನ್ನು ಮಡಚಿ ಕಂಕುಳಿಗೆ ಸೇರಿಸಿದ್ದ. ಗಡಿಯಾರದವನು ಸ್ಟೂಲು ಎಳೆದು ಕೂರಿಸಿ ಚಹಾ ಬಗ್ಗಿಸುತ್ತಿದ್ದ.

ಮಗಳು ಫೋನು ನೋಡಿ ಮುಖ ಸಣ್ಣಗೆ ಮಾಡಿದಳು. "ಅಪ್ಪ, ಇಡೀ ವಾರದಲ್ಲಿ ಬಂದಿದ್ದು ಮಾವ ಒಬ್ಬರೇ. ನಾಳೆಯಿಂದ ವೃತ್ತ ಐದು ಕಿಲೋಮೀಟರ್ ಮಾಡ್ಲಾ?"

"ಬೇಡಮ್ಮ, ಇನ್ನೊಂದು ವಾರ ಇಷ್ಟೇ ಇರ್ಲಿ," ಎಂದ ಗಡಿಯಾರದವನು. "ನಿನ್ನ ಸೋದರಮಾವ ನಮ್ಮ ಕಡೆ ತಲೆ ಹಾಕದೆ ಆರು ವರ್ಷ ಆಯ್ತು. ಅವನ ಮನೆ ಇದರೊಳಗೆ ಬರುತ್ತಾ, ಸ್ವಲ್ಪ ನೋಡು."