ಅಕ್ಕನ ಬ್ರಷ್

ಅಕ್ಕ ಚಹಾ ತರಲು ಅಡುಗೆಮನೆಗೆ ಹೋದದ್ದೇ ತಡ, ತಂಗಿ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿ ಅಕ್ಕ ಚಿತ್ರ ಬರೆಯಲು ಬಳಸುವ ಬ್ರಷ್ಷಿನ ಸೆಟ್ಟಿಂಗ್ ತೆರೆದು, ಜಿಟರ್ ಎಂಬ ಪಟ್ಟಿಯನ್ನು ಇನ್ನೊಂದಿಷ್ಟು ಮೇಲಕ್ಕೆ ಎಳೆದಳು. ಆ ಪಟ್ಟಿ ಸೊನ್ನೆಯಲ್ಲಿದ್ದರೆ ಕೈ ಎಳೆದದ್ದೇ ಗೆರೆ. ಮೇಲಕ್ಕೆ ಹೋದಷ್ಟೂ, ಕೈ ನೆಟ್ಟಗಿದ್ದರೂ ಗೆರೆ ನಡುಗುತ್ತದೆ. ಒಮ್ಮೆಲೇ ಏರಿಸಿದರೆ ಅನುಮಾನ ಬರುತ್ತದೆ. ದಿನಕ್ಕೆ ಕೂದಲೆಳೆಯಷ್ಟು ಸಾಕು. ಕಾಯಿಲೆ ಬರುವುದೂ ಹಾಗೆಯೇ.

ಅಕ್ಕ ಬಂದಳು. ತನಗೆ ತುಂಬಿದ ಲೋಟ, ತಂಗಿಗೆ ಅರ್ಧ ಲೋಟ. ಈಚೆಗೆ ತಂಗಿ ಚಹಾ ಚೆಲ್ಲಿಕೊಳ್ಳುವುದು ಹೆಚ್ಚಾಗಿತ್ತು. ಮನಸ್ಸಿನಲ್ಲಿ ಕಳ್ಳತನ ಇಟ್ಟುಕೊಂಡವರ ಕೈ ನೆಟ್ಟಗಿರುವುದಾದರೂ ಹೇಗೆ?

ಅಕ್ಕ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಅವಳ ಬೆಕ್ಕು ಒಂದೇ ಗೆರೆಯಲ್ಲಿ ಮೈಮುರಿದು ಏಳುತ್ತಿತ್ತು. ಆದರೆ ಪ್ರೆಸ್ಸಿನ ಯಜಮಾನರು ಕಾಗದದ ಚಿತ್ರ ಸಾಕು, ಇನ್ನು ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕು ಎಂದಿದ್ದರು. ಹೊಸ ಚಿತ್ರಮಾಲೆಗೆ ಕಾಯಂ ಚಿತ್ರಕಾರರು ಒಬ್ಬರೇ. ತರಗತಿಗೆ ಹೋಗಿ ಕಂಪ್ಯೂಟರ್ ಚಿತ್ರಕಲೆ ಕಲಿತಿದ್ದ ತಂಗಿ ಎಲ್ಲರಿಗಿಂತ ಮೊದಲು ಹೋಗಿ ತನ್ನ ಚಿತ್ರಗಳನ್ನು ತೋರಿಸಿದಳು.

“ಗೆರೆ ನಯವಾಗಿದೆಯಮ್ಮಾ. ಜೀವ ಇಲ್ಲ,” ಎಂದರು ಯಜಮಾನರು. “ನಿಮ್ಮಕ್ಕನಿಗೆ ಇದನ್ನ ಕಲಿಸಿಕೊಡಿ, ಪುಣ್ಯ ಬರುತ್ತೆ.”

ತಂಗಿ ಕಲಿಸಲು ಕೂತಳು.

ಮೊದಲ ಪಾಠದಲ್ಲೇ ಇಬ್ಬರಿಗೂ ಬೇರೆ ಬೇರೆ ಬ್ರಷ್ ಮಾಡಿಟ್ಟಳು. ತನ್ನದರಲ್ಲಿ ಸ್ಟೆಬಿಲೈಸರ್ ಎಂಬುದನ್ನು ಪೂರ್ತಿ ಏರಿಸಿದ್ದಳು. ಕಲಿಯುವವರ ಗೆರೆ ಅಂಕುಡೊಂಕಾದರೆ ಅದು ತಾನೇ ತಿದ್ದಿ ನಯ ಮಾಡಿಕೊಡುತ್ತದೆ. ತರಗತಿಯಲ್ಲಿ ಉಳಿದವರೆಲ್ಲ ಕೈ ಪಳಗಿದ ಮೇಲೆ ಅದನ್ನು ತೆಗೆದುಹಾಕಿದ್ದರು. ತಂಗಿ ಆ ಗೋಜಿಗೇ ಹೋಗಿರಲಿಲ್ಲ. ಅಕ್ಕ ಮಾತ್ರ ಮೊದಲ ದಿನವೇ, “ಮಷೀನು ನನ್ನ ಗೆರೆ ತಿದ್ದೋದು ಬೇಡ ಪುಟ್ಟಿ, ತೆಗೆದುಬಿಡು,” ಎಂದಿದ್ದಳು. ತಂಗಿ ತೆಗೆದಳು. ತೆಗೆದು, ಅದರ ಪಕ್ಕದ ಜಿಟರ್ ಏರಿಸಿದಳು.

ಅವರ ಅಪ್ಪನೂ ಚಿತ್ರಕಾರರೇ. ಕೊನೆಕೊನೆಗೆ ಕೈ ನಡುಗುವ ಕಾಯಿಲೆ ಹತ್ತಿ, ಮೊದಲು ಬ್ರಷ್ ಬಿಟ್ಟುಹೋಯಿತು, ಆಮೇಲೆ ಚಮಚ. ತುತ್ತು ಮಾಡಿ ಉಣಿಸುತ್ತಿದ್ದವಳು ಅಕ್ಕ. ಇದು ಮಕ್ಕಳಿಗೂ ಬರಬಹುದು ಎಂದು ಡಾಕ್ಟರು ಹೇಳಿದ್ದು ಅವಳಿಗೇ. ಅದನ್ನು ತಂಗಿಗೆ ಹೇಳಿದ್ದು ಅವಳ ತಪ್ಪು.

“ನೋಡು, ಮತ್ತೆ ನಡುಗ್ತಿದೆ,” ಎಂದಳು ಅಕ್ಕ.

“ಎಲ್ಲಿ? ನಂಗೇನೂ ಕಾಣ್ತಿಲ್ಲಪ್ಪ.” ತಂಗಿ ಇದನ್ನು ಚೆನ್ನಾಗಿಯೇ ಕಂಡವಳ ದನಿಯಲ್ಲಿ ಹೇಳಿದಳು.

“ಈ ಕಂಪ್ಯೂಟರ್ ಪೆನ್ನೇ ಕೆಟ್ಟಿರಬೇಕು. ನೀನೊಂದು ಗೆರೆ ಎಳಿ.”

ತಂಗಿ ಅದೇ ಪೆನ್ನು ಹಿಡಿದು, ಸದ್ದಿಲ್ಲದೆ ತನ್ನ ಬ್ರಷ್ ಆರಿಸಿಕೊಂಡು ಎಳೆದಳು. ನೂಲು ಹಿಡಿದಂತೆ ನೇರ. ಅಕ್ಕ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

“ಡಾಕ್ಟರಿಗೆ ತೋರಿಸೋಣ್ವಾ ಅಕ್ಕಾ?”

“ಬೇಡ. ಅಪ್ಪನ್ನ ಸುತ್ತಿಸಿದ್ದು ಸಾಲದಾ?”

ಮರುದಿನ ಅಕ್ಕ ಹಳೆಯ ಕಾಗದ, ಮಸಿ ತೆಗೆದು ಕೂತಳು. ತಂಗಿ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಕಾಗದಕ್ಕೆ ಜಿಟರ್ ಇಲ್ಲ. ಬಣ್ಣ ಬಯಲಾಗಲು ಒಂದು ನೆಟ್ಟನೆಯ ಗೆರೆ ಸಾಕು. ಅಕ್ಕ ಉಸಿರು ಬಿಗಿಹಿಡಿದು, ಬ್ರಷ್ಷನ್ನು ಕತ್ತು ಹಿಸುಕುವಂತೆ ಹಿಡಿದು ಎಳೆದಳು. ಬೆಕ್ಕಿನ ಬೆನ್ನು ನಟ್ಟನಡುವೆ ಅದುರಿತು. ಹೆದರಿದ ಕೈ ಇನ್ನೇನು ಮಾಡೀತು? ಅಲ್ಲಿಂದ ಮುಂದೆ ತಂಗಿ ಕಷ್ಟಪಡಬೇಕಾಗಿಯೇ ಬರಲಿಲ್ಲ. ಉಳಿದ ಕೆಲಸವನ್ನು ಅಕ್ಕನೇ ಮಾಡಿಕೊಂಡಳು.

ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ಪಕ್ಕದ ಮನೆಯ ಮಕ್ಕಳಿಗೆ ಹಂಚಿದಳು. ಬಂದು ತಂಗಿಯ ತಲೆ ನೇವರಿಸಿದಳು.

“ಸದ್ಯ, ನಂಗೇ ಬಂತಲ್ಲ. ನಿಂಗೆ ಬಂದಿದ್ರೆ ನನ್ನಿಂದ ನೋಡೋಕಾಗ್ತಿರ್ಲಿಲ್ಲ.”

ತಂಗಿಗೆ ಅಳು ಬಂತು. ಸುಳ್ಳಲ್ಲ, ನಿಜವಾದ ಅಳುವೇ. ಆದರೆ ಅಳು ಬಂತೆಂದು ಅವಳು ಬಾಯಿ ಬಿಡಲಿಲ್ಲ.

ಅಕ್ಕನೇ ಪ್ರೆಸ್ಸಿಗೆ ಫೋನ್ ಮಾಡಿದಳು. “ನನ್ನ ಕೈ ಹೋಯ್ತು ಸಾರ್. ಕೆಲಸ ಪುಟ್ಟಿಗೆ ಕೊಡಿ. ಕಂಪ್ಯೂಟರಲ್ಲಿರೋ ನನ್ನ ಬ್ರಷ್ಷಲ್ಲೇ ಬರೀತಾಳೆ.”

ಯಜಮಾನರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಒಂದೇ ಷರತ್ತು: ಪ್ರೆಸ್ಸಿಗೆ ಬಂದು ತಮ್ಮೆದುರು ಕೂತು ಬರೆದು ತೋರಿಸಬೇಕು. ಮಷೀನು ತಿದ್ದಿಕೊಟ್ಟ ನಯದ ಗೆರೆ ಬೇಡ.

ಹೊರಡುವ ಬೆಳಿಗ್ಗೆ ತಂಗಿ ಅವಸರವಸರವಾಗಿ ಅಕ್ಕನ ಬ್ರಷ್ ತೆರೆದು, ಜಿಟರ್ ಕೆಳಗೆಳೆದು, ಕಂಪ್ಯೂಟರ್ ಮುಚ್ಚಿ ಚೀಲಕ್ಕೆ ತುರುಕಿದಳು. ಅಂಗಿಯ ಗುಂಡಿ ಎಷ್ಟು ಹೊತ್ತಾದರೂ ತೂತಿಗೆ ಸೇರಲಿಲ್ಲ. ಅಕ್ಕ ಬಂದು ಹಾಕಿಕೊಟ್ಟಳು.

“ಯಾಕಿಷ್ಟು ಗಾಬರಿ? ನಾನಿರ್ತೀನಲ್ಲ ಪಕ್ಕದಲ್ಲಿ.”

ಪ್ರೆಸ್ಸಿನ ಒಳಕೋಣೆಯಲ್ಲಿ ಯಜಮಾನರು ಒಂದು ಬದಿಗೆ, ಅಕ್ಕ ಇನ್ನೊಂದು ಬದಿಗೆ ನಿಂತರು. ತಂಗಿ ಅಕ್ಕನ ಬ್ರಷ್ ಆರಿಸಿಕೊಂಡು ಬೆಕ್ಕಿನ ಬೆನ್ನು ಎಳೆದಳು. ಗೆರೆ ನಡುಗಿತು. ಅಳಿಸಿ ಮತ್ತೆ ಎಳೆದಳು. ಇನ್ನೂ ಜಾಸ್ತಿ ನಡುಗಿತು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

ತಂಗಿ ತನ್ನನ್ನೇ ಬೈದುಕೊಂಡಳು. ಅವಸರದಲ್ಲಿ ಸೇವ್ ಮಾಡಿಲ್ಲ. ಅಕ್ಕನಿಗೆಂದು ಏರಿಸಿಟ್ಟದ್ದು ಹಾಗೇ ಉಳಿದಿದೆ. ಪರವಾಗಿಲ್ಲ, ಒಂದು ಕ್ಷಣದ ಕೆಲಸ.

“ಒಂದ್ನಿಮಿಷ ಸಾರ್, ಸೆಟ್ಟಿಂಗ್ ಏನೋ ಏರುಪೇರಾಗಿದೆ,” ಎಂದು ನಕ್ಕು ಪಟ್ಟಿ ತೆರೆದಳು.

ಜಿಟರ್ ಸೊನ್ನೆಯಲ್ಲೇ ಇತ್ತು.