ಹಸಿರು ನಕ್ಷತ್ರ

ಐದು ತುಂಬಿದರೂ ಮಾತು ಬಾರದಿದ್ದ ಮಗಳು ಕೊನೆಗೂ ‘ಅಮ್ಮ’ ಅಂದಳೆಂದು ತಾಯಿ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ತಾನು ಮಾತ್ರ ಅದನ್ನು ಕಿವಿಯಾರೆ ಕೇಳಿರಲಿಲ್ಲ. ಮಗಳು ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಅದರಲ್ಲಿನ ಮಾತು ಕಲಿಸುವ ಪ್ರೋಗ್ರಾಂ ಒಂದು ಪದ ಹೇಳುತ್ತಿತ್ತು. ಮಗು ಅದನ್ನೇ ಮೈಕಿನಲ್ಲಿ ತಿರುಗಿ ಹೇಳಿದರೆ ಪರದೆಯ ಮೇಲೆ ಹಸಿರು ನಕ್ಷತ್ರ ಮೂಡಬೇಕು. ಅಡುಗೆಮನೆಯಿಂದ ಇಣುಕಿದಾಗಲೆಲ್ಲ ಅವಳಿಗೆ ನಕ್ಷತ್ರ ಕಾಣುತ್ತಿತ್ತು.

“ನನ್ನ ಮುಂದೆ ಬಾಯಿ ಬಿಡಲ್ಲ, ನಾಚಿಕೆ ಅವಳಿಗೆ” ಎಂದು ರಿಪೇರಿಗೆ ಬಂದವನಿಗೆ ಹೇಳಿದಳು. “ನಿನ್ನೆ ನಾನೇ ಹೆಡ್‌ಫೋನ್ ಹಾಕ್ಕೊಂಡು ನೋಡ್ದೆ. ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತೆ. ಪಾಪ, ಮಗೂಗೆ ಗೊಂದಲ ಆಗಲ್ವಾ?”

“ಇದು ಹಳೇ ಪ್ರೋಗ್ರಾಂ ಮೇಡಂ. ಅದಕ್ಕೇ ಈ ಕಂಪ್ಯೂಟರ್ ಒಳಗೆ ಇನ್ನೊಂದು ಹಳೇ ಕಂಪ್ಯೂಟರ್ ಇದ್ದ ಹಾಗೆ ಮಾಡಿ ಕೂರಿಸಿದಾರೆ. ವರ್ಚುಯಲ್ ಮಷೀನ್ ಅಂತಾರೆ. ಒಳಗಿಂದು ಹೇಳಿದ ಪದಾನೇ ಹೊರಗಿಂದು ತಿರುಗಾ ಅದರ ಮೈಕಿಗೇ ಕೊಡ್ತಿದೆ, ಅದಕ್ಕೇ ಎರಡು ಸಲ ಕೇಳೋದು, ಅಷ್ಟೇ.”

ಅವನು ಎಲ್ಲೋ ಒಂದು ಟಿಕ್ ತೆಗೆದ. ಹೆಡ್‌ಫೋನಿನ ಒಂದು ಬದಿಯನ್ನು ಮಗುವಿನ ಕಿವಿಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು ಗುಂಡಿ ಒತ್ತಿದ. ಮಗಳು ದಿನದಂತೆಯೇ ತುಟಿ ಬಿಚ್ಚದೆ ಪರದೆಯನ್ನೇ ನೋಡುತ್ತ ಕಾದಳು. ನಕ್ಷತ್ರ ಮೂಡಲಿಲ್ಲ. ಅವನು ಇನ್ನೊಮ್ಮೆ ಒತ್ತಿದ. ಆಗಲೂ ಇಲ್ಲ. ಅದೆಲ್ಲಿ ಹೋಯಿತು ಎಂಬಂತೆ ಮಗು ಅವಳತ್ತ ತಿರುಗಿತು.

“ನೋಡಿ ಮೇಡಂ,” ಅವನು ಗೆಲುವಿನಿಂದ ಹೇಳಿದ, “ಎರಡನೇ ಸಲ ‘ಅಮ್ಮ’ ಅನ್ನೋದು ನಿಂತೇಹೋಯ್ತು.”