ಹಲಗಲಿಯ ಹೆಸರು

"ರಾಜನಿಗೆ ಎಷ್ಟು ಕಂಪ್ಲೇಂಟ್ ಬರೆದ್ರೂ ಕೇಳ್ಲಿಲ್ಲ ಅಜ್ಜಿ. ಬ್ರಿಟಿಷ್ ಸೋಲ್ಜರ್ಸ್ ಬಂದು ಜನರ ಗನ್ಸ್ ಕಿತ್ಕೊಳ್ಳೋಕೆ ಹೋದಾಗ ವಾರ್ ಶುರು ಆಯ್ತು," ಎಂದು ಶಿವಾನಿ ಅಮೆರಿಕದ ಕ್ರಾಂತಿಯ ಪಾಠ ಒಪ್ಪಿಸಿದಳು. ಅವಳ ಜಡೆ ಹೆಣೆಯುತ್ತಿದ್ದ ನಾಗವ್ವನ ಕೈ ನಿಂತಿತು.

"ಗೆದ್ರೇನವಾ ಆ ಮಂದಿ?"

"ಗೆದ್ರು!"

"ನಮ್ಮ ಹಲಗಲ್ಯಾಗೂ ಇಂಗ್ರೇಜರು ಹತಾರ ಕೇಳಾಕ ಬಂದಿದ್ರು. ನಮ್ಮ ಮುತ್ಯಾನ ಮುತ್ಯಾ ಕೊಡಲಿಲ್ಲ. ಗಲ್ಲಿಗೆ ಹಾಕಿದ್ರು."

"ಅವ್ರ ಹೆಸ್ರೇನು?"

ಹೆಸರೆತ್ತಿದರೆ ದಂಡು ಮತ್ತೆ ಬರುತ್ತದೆಂದು ಹೆದರಿ, ಅವನ ಮನೆತನದ ಹೆಂಗಸರು ಅದನ್ನು ಹೆಣ್ಣುಮಕ್ಕಳ ಕಿವಿಯಲ್ಲಷ್ಟೇ ಉಸುರುತ್ತ ಬಂದಿದ್ದರು. ಅಮೆರಿಕದ ಫ್ರೀಮಾಂಟಿನ ಆ ಅಪಾರ್ಟ್‌ಮೆಂಟಿನಲ್ಲೂ ನಾಗವ್ವ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದು, ಮೊಮ್ಮಗಳ ಕಿವಿಗೆ ಬಾಯಿಟ್ಟಳು.

"ದುರ್ಗಪ್ಪ!" ಶಿವಾನಿ ಗಟ್ಟಿಯಾಗಿ ಹೇಳಿಬಿಟ್ಟಳು. ಅವಳ ಬಾಯಿ ಮುಚ್ಚಲೆಂದು ಎತ್ತಿದ ಕೈಯನ್ನು ಹಾಗೇ ಹಿಡಿದು ನಾಗವ್ವ ಬಾಗಿಲನ್ನೇ ನೋಡುತ್ತ ಕುಳಿತಳು. ಯಾರೂ ಬರಲಿಲ್ಲ.